ಬಾಯಿಗೆ ಹಾಕಬೇಡಿ

"ಕೈ ತೆಗೀರಿ! ಮಗು ಬಾಯಿಗೆ ಬೆರಳು ಹಾಕ್ಬೇಡಿ ಅಂದೆ!"

ಇಡೀ ಕ್ಯಾಂಟೀನು ತಿರುಗಿ ನೋಡಿತು.

ಅವನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದ. ಅವಳ ತೋರುಬೆರಳು ಮಗುವಿನ ತುಟಿಯಿಂದ ಎರಡಂಗುಲ ದೂರದಲ್ಲಿ ನಿಂತಿತ್ತು. ಅವನ ತೊಡೆಯ ಮೇಲೆ ಕೂತಿದ್ದ ಆರು ತಿಂಗಳ ಕೂಸು ಮುಖ ಕೆಂಪಗೆ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು 'ಗ್ವಾಕ್... ಗ್ವಾಕ್...' ಎಂದು ಓಕರಿಸುತ್ತಿತ್ತು. ಅದರ ಮುಷ್ಟಿಯಲ್ಲಿ ಬೇಯಿಸಿದ ಕ್ಯಾರೆಟ್ಟಿನ ಅರ್ಧ ತುಂಡು.

ಇನ್ನರ್ಧ ಎಲ್ಲಿ?

ಗಂಟಲಲ್ಲಿ!

"ಬಿಡ್ರೀ ನನ್ನ ಕೈ! ಮಗು ಉಸಿರು ಕಟ್ಟಿ ಒದ್ದಾಡ್ತಿದೆ, ಕಣ್ಣು ಕಾಣಲ್ವಾ ನಿಮಗೆ?"

"ಕಟ್ಟಿಲ್ಲ. ಸದ್ದು ಬರ್ತಿದೆ ಕೇಳಿ. ನೀವು ಬೆರಳು ಹಾಕಿದ್ರೆ ಹೊರಗೆ ಬರೋದು ಒಳಗೆ ಹೋಗುತ್ತೆ."

"ಏನು ಹುಚ್ಚು ಮಾತು ಇದು..."

ಅಷ್ಟರಲ್ಲಿ ಮಗು ಇನ್ನೊಮ್ಮೆ ಓಕರಿಸಿತು. ಕ್ಯಾರೆಟ್ಟಿನ ತುಂಡು ನಾಲಿಗೆಯ ಮೇಲೆ ಜಾರಿಕೊಂಡು ಬಂದು, ಗಲ್ಲದ ಮೇಲಿಂದ ಇಳಿದು, ಅಪ್ಪನ ಪ್ಯಾಂಟಿನ ಮೇಲೆ ಬಿತ್ತು. ಕೂಸು ಅದನ್ನೇ ನೋಡಿತು. ಆಮೇಲೆ ಏನೂ ಆಗೇ ಇಲ್ಲವೆಂಬಂತೆ ಕೈಯಲ್ಲಿದ್ದ ಅರ್ಧವನ್ನು ಮತ್ತೆ ಬಾಯಿಗೆ ಒಯ್ದಿತು!

ಅವನು ಗಾಬರಿಯಿಂದ ಅದನ್ನು ಕಸಿದುಕೊಂಡ. ಅವಳ ಕೈ ಬಿಟ್ಟ. ಅವನ ಕೈ ನಡುಗುತ್ತಿತ್ತು. ಸಿಟ್ಟಿಗೆ ಎಂದುಕೊಂಡಳು ಅವಳು.

"ಹಲ್ಲಿಲ್ಲದ ಕೂಸಿಗೆ ಇಡೀ ಕ್ಯಾರೆಟ್ ಕೊಟ್ಟು ತಮಾಷೆ ನೋಡ್ತೀರಲ್ಲ, ನೀವೇನು ಅಪ್ಪನೋ ಶತ್ರುವೋ?"

"ಅದನ್ನ ಕೇಳೋಕೆ ನೀವ್ಯಾರ್ರೀ?"

ಪಾಪ, ಮೂರು ಮೇಜು ದಾಟಿ, ಯಾರದೋ ಚಹಾ ಚೆಲ್ಲಿ, ಓಡಿ ಬಂದವಳು ಸುಮ್ಮನೆ ತಿರುಗಿ ನಡೆದುಬಿಟ್ಟಳು.

ಅವಳು ಯಾರೆಂದು ನಾನೇ ಹೇಳಿಬಿಡುತ್ತೇನೆ.

ಆ ಕ್ಯಾಂಟೀನಿದ್ದ ಕಟ್ಟಡಕ್ಕೆ ಹತ್ತು ಮಹಡಿ, ತುಂಬ ಕಚೇರಿಗಳು. ನೆಲಮಹಡಿಯ ಹಿಂಬದಿಯಲ್ಲಿ, ಅಲ್ಲಿ ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ. ಅದರಲ್ಲಿ ಎರಡು ಕೋಣೆ. ವರ್ಷ ತುಂಬಿದವರದು ತುತ್ತಿನ ಕೋಣೆ. ತುಂಬದವರದು ಬಾಟಲಿ ಕೋಣೆ. ಅವಳು ಬಾಟಲಿ ಕೋಣೆಯ ಮಿಸ್ಸು, ಸೇರಿ ಹದಿನೈದು ದಿನವಾಗಿತ್ತು. ಕೆಲಸಕ್ಕೆ ಸೇರುವಾಗಲೇ ಕೈಮುಗಿದು ಕೇಳಿಕೊಂಡಿದ್ದಳು, "ನನಗೆ ಹಾಲು ಕುಡಿಯೋ ಮಕ್ಕಳನ್ನೇ ಕೊಡಿ. ತಿನ್ನೋ ಮಕ್ಕಳು ಬೇಡ."

ಯಾಕೆ ಅಂದರೆ, ಬಾಟಲಿಯ ಮೇಲೆ ಗೆರೆಗಳಿರುತ್ತವೆ. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಲ್ಲ ಕಾಣುತ್ತದೆ. ತೊಂಬತ್ತು, ನೂರಿಪ್ಪತ್ತು, ನೂರೈವತ್ತು ಮಿಲಿ ಎಂದು ಗೋಡೆಯ ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆಯಬಹುದು. ಹಾಲು ಯಾರ ಗಂಟಲಲ್ಲೂ ತುಂಡಾಗಿ ಕೂರುವುದಿಲ್ಲ.

ಕಡಲೆಬೀಜ ಕೂರುತ್ತದೆ.

ಅವಳಿಗೆ ಆಗ ಒಂಬತ್ತು ವರ್ಷ. ತಮ್ಮನಿಗೆ ಒಂದು. "ಅರ್ಧ ಗಂಟೆ ನೋಡ್ಕೋ" ಎಂದು ಹೇಳಿ ಅಮ್ಮ ಹೊರಗೆ ಹೋಗಿದ್ದಳು. ತಾನು ತಿನ್ನುತ್ತಿದ್ದ ಕಡಲೆಬೀಜದಲ್ಲಿ ಒಂದನ್ನು ಪ್ರೀತಿಯಿಂದ ಅವನ ಬಾಯಿಗೆ ಹಾಕಿದ್ದಳು. ಅವನು ಅಳಲಿಲ್ಲ, ಕೆಮ್ಮಲಿಲ್ಲ. ಸದ್ದೇ ಇಲ್ಲ! ಬಾಯಿ ತೆರೆದಿತ್ತು, ಕಣ್ಣು ಅಗಲವಾಗಿತ್ತು, ತುಟಿ ನೀಲಿಯಾಗುತ್ತಾ ಬಂತು. ಪಕ್ಕದ ಮನೆಯ ಅಜ್ಜಿ ಓಡಿ ಬಂದು ಬೋರಲು ಹಾಕಿ ಬೆನ್ನಿಗೆ ಬಡಿದಿದ್ದರಿಂದ ಬದುಕಿದ. ಈಗ ಅವನು ಆರಡಿ ಎತ್ತರದ ಕಂಡಕ್ಟರು, ಎರಡು ಊಟ ಒಂದೇ ಸಲ ಉಣ್ಣುತ್ತಾನೆ. ಅಕ್ಕನನ್ನು 'ಪುಕ್ಕಲಕ್ಕ' ಎಂದು ಆಡಿಕೊಳ್ಳುತ್ತಾನೆ.

ಆದರೆ ಅವತ್ತು ಅಮ್ಮ ಅಂದ ಮಾತು ಅವಳೊಳಗೆ ಹಾಗೇ ಉಳಿದಿತ್ತು. "ನಿನ್ನ ಕೈಗೆ ಮಗು ಕೊಟ್ಟಿದ್ದೇ ನನ್ನ ತಪ್ಪು."

ತಮ್ಮ ಮರೆತ. ಅಮ್ಮನೂ ಮರೆತಳು. ಇವಳು ಮರೆಯಲಿಲ್ಲ.

ಮರುದಿನ ಬೆಳಿಗ್ಗೆ, ಕೇಂದ್ರದ ಉಸ್ತುವಾರಿ ಹೊತ್ತಿದ್ದ ದೊಡ್ಡಮ್ಮ ಒಂದು ಕೂಸನ್ನು ಎತ್ತಿಕೊಂಡು ಬಾಟಲಿ ಕೋಣೆಗೆ ಬಂದರು. ಎಲ್ಲರೂ ಅವರನ್ನು ಕರೆಯುವುದೇ ದೊಡ್ಡಮ್ಮ ಎಂದು, ಅವರು ನಕ್ಕರೆ ತೊಟ್ಟಿಲುಗಳು ಅಲುಗಾಡುತ್ತವೆ.

"ತಗೋ ಹುಡುಗಿ, ಹೊಸ ಅತಿಥಿ. ಹೆಸರು ಬಟಾಣಿ. ತಿಂಗಳು ತುಂಬೋ ಮುಂಚೆ ಹುಟ್ಟಿದ್ಲಂತೆ, ಅಷ್ಟೇ ಅಷ್ಟಿದ್ಲಂತೆ."

ಅದೇ ಕೂಸು! ದೊಡ್ಡಮ್ಮನ ಹಿಂದೆ ಅದೇ ಮನುಷ್ಯ, ಲಿಫ್ಟ್ ರಿಪೇರಿಯವರ ನೀಲಿ ಅಂಗಿ ತೊಟ್ಟು ನಿಂತಿದ್ದ.

'ಗಂಟಲಲ್ಲಿ ಸಿಕ್ಕಿಕೊಳ್ಳೋ ವಸ್ತುವಿನ ಹೆಸರನ್ನೇ ಇಟ್ಟಿದ್ದಾನಲ್ಲ ಪುಣ್ಯಾತ್ಮ!' ಎಂದುಕೊಂಡಳು.

"ಇವರಾ..." ಎಂದ ಅವನು. ಒಂದು ಕ್ಷಣ ಅವಳನ್ನೇ ನೋಡಿದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ಏನೋ ನಿರಾಳವಾದಂತಿತ್ತು. ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ.

"ಇವಳಮ್ಮ ಹೆರಿಗೆಯಾದ ಮೂರನೇ ದಿನವೇ ಹೋಗಿಬಿಟ್ಲು," ಎಂದ ಅವನು ನೆಲ ನೋಡುತ್ತಾ. "ಹುಟ್ಟಿದಾಗಿಂದ ಡಬ್ಬಿ ಹಾಲೇ. ಈಗ ಕ್ಲಿನಿಕ್‌ನ ನರ್ಸು ಹೇಳಿದ್ದಾರೆ, ಹಾಲು ನಿಲ್ಲಿಸದೆ ಜೊತೆಗೆ ತಾನೇ ಕೈಯಲ್ಲಿ ಹಿಡ್ಕೊಂಡು ತಿನ್ನೋದನ್ನ ಕಲಿಸಿ ಅಂತ. ಹಾಲು ಕುಡಿದು ಒಂದು ಗಂಟೆ ಆದ್ಮೇಲೆ, ನೆಟ್ಟಗೆ ಕೂರಿಸಿ... ಎರಡು ಬೆರಳಲ್ಲಿ ಒತ್ತಿದ್ರೆ ಹಿಟ್ಟಾಗೋ ಹಾಗೆ ಬೇಯಿಸಿದ್ದೀನಿ..."

ಅವನ ಫೋನು ಅರಚಿಕೊಂಡಿತು. ಏಳನೇ ಮಹಡಿಯಲ್ಲಿ ಲಿಫ್ಟ್ ನಿಂತಿದೆ, ಒಳಗೆ ನಾಲ್ಕು ಜನ!

"ಎಲ್ಲಾ ಮುಚ್ಚಳದ ಮೇಲೆ ಬರೆದಿದ್ದೀನಿ, ನೋಡ್ಕೊಳ್ಳಿ!" ಎನ್ನುತ್ತಾ ಪುಟ್ಟ ಡಬ್ಬಿಯನ್ನು ಅವಳ ಕೈಗಿಟ್ಟು ಓಡಿದ.

ಎಲ್ಲಾ ಅಂದರೆ ಎರಡೇ ಪದ. ಬಿಳಿ ಪಟ್ಟಿಯ ಮೇಲೆ, ದಪ್ಪ ಅಕ್ಷರದಲ್ಲಿ,

'ಬಾಯಿಗೆ ಹಾಕಬೇಡಿ.'

ಅವಳು ಎರಡು ಸಲ ಓದಿದಳು. ಮುಚ್ಚಳ ತೆಗೆದಳು. ಬೆರಳುದ್ದದ ಸಿಹಿಗೆಣಸಿನ ನಾಲ್ಕು ತುಂಡು.

'ಓಹ್! ತಿನ್ನೋದೆಲ್ಲ ಮನೇಲಿ! ಇದು ಬರೀ ಹಿಡ್ಕೊಂಡು ಆಡೋಕೆ! ಸದ್ಯ, ನಿನ್ನೆಯ ಬೈಗುಳಕ್ಕೆ ಬುದ್ಧಿ ಬಂದಿದೆ.'

ಅವಳಿಗೆ ಹೋದ ಜೀವ ಬಂದಂತಾಯಿತು. ಬಟಾಣಿಗೆ ಒಂದು ತುಂಡು ತೋರಿಸಿದಳು, ಮುಟ್ಟಿಸಿದಳು, ಅದು ಬಾಯಿಯ ಕಡೆ ಹೊರಟಿತೋ ಇಲ್ಲವೋ ತೆಗೆದಿಟ್ಟಳು. ಸಂಜೆಯಾದರೂ ಡಬ್ಬಿ ತುಂಬಿಯೇ ಇತ್ತು. ಬೇಯಿಸಿದ್ದನ್ನು ಬಿಸಾಡಲು ಮನಸ್ಸಾಗದೆ ತಾನೇ ತಿಂದಳು. ಚೆನ್ನಾಗಿ ಬೆಂದಿತ್ತು.

ಐದು ಗಂಟೆಗೆ ಅವನು ಬಂದ. ಬಾಗಿಲಲ್ಲೇ, ಚಪ್ಪಲಿ ಬಿಡುವ ಮುಂಚೆಯೇ ಕೇಳಿದ.

"ತಿಂದ್ಲಾ?"

ತಿಂದ್ಲಾ? ಹಾಗಾದರೆ ತಿನ್ನಬೇಕಿತ್ತಾ? ಬಾಯಿಗೆ ಹಾಕಬೇಡಿ ಅಂದರೆ... ನೀವು ಹಾಕಬೇಡಿ, ಅವಳ ಮುಂದೆ ಇಡಿ, ಅವಳೇ ಹಾಕಿಕೊಳ್ಳಲಿ ಎಂದಾ!

ಆಗಲೇ ಹೇಳಿಬಿಡಬಹುದಿತ್ತು. "ಅಯ್ಯೋ, ತಪ್ಪು ತಿಳ್ಕೊಂಡೆ ಕಣ್ರೀ" ಅಂದಿದ್ದರೆ ಇಬ್ಬರೂ ನಕ್ಕು ಮುಗಿಸುತ್ತಿದ್ದರು, ನನಗೂ ಈ ಕತೆ ಬರೆಯುವ ಕೆಲಸ ತಪ್ಪುತ್ತಿತ್ತು. ಆದರೆ ಹೇಳಿದರೆ ನಾಳೆ ತಿನ್ನಿಸಬೇಕು. ತುಂಡು ಗಂಟಲಿಗೆ ಹೋದರೆ... ಸದ್ದು ನಿಂತರೆ...

"ಡಬ್ಬಿ ಖಾಲಿ ಆಯ್ತು," ಎಂದಳು.

ಸುಳ್ಳಲ್ಲ. ಖಾಲಿಯಾಗಿತ್ತು ತಾನೇ?

ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೆ ಭೂಮಿಗೆ ಇಳಿದುಹೋದಂತಾಯಿತು. "ಖಾಲಿ? ಪೂರ್ತಿ? ನನ್ನ ಬಟಾಣಿ!" ಎಂದು ಮಗುವನ್ನು ಮೇಲೆತ್ತಿ ಮುದ್ದಾಡಿದ. ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಅಂದ, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಅಲ್ಲಿಂದ ಶುರುವಾಯಿತು.

ದಿನಾ ಬೆಳಿಗ್ಗೆ ಒಂದು ಡಬ್ಬಿ. ಒಂದು ದಿನ ಕ್ಯಾರೆಟ್ಟು, ಒಂದು ದಿನ ಬಾಳೆಹಣ್ಣು, ಒಂದು ದಿನ ಆಲೂಗಡ್ಡೆ. ದಿನಾ ಅದೇ ಎರಡು ಪದ. ದಿನಾ ಸಂಜೆ "ತಿಂದ್ಲಾ?" ದಿನಾ "ಖಾಲಿ ಆಯ್ತು."

ಪ್ರತಿ ಬೆಳಿಗ್ಗೆ ಅವಳು ಗಟ್ಟಿ ಮನಸ್ಸು ಮಾಡುತ್ತಿದ್ದಳು. ಇವತ್ತು ಕೊಟ್ಟೇ ಕೊಡುತ್ತೇನೆ! ಬಟಾಣಿಯನ್ನು ನೆಟ್ಟಗೆ ಕೂರಿಸುವಳು, ಎದುರು ತಟ್ಟೆ ಇಡುವಳು. ಕೂಸು ಕೈಚಾಚಿ ತುಂಡು ಹಿಡಿದು ಬಾಯಿ ತೆರೆಯುತ್ತಿದ್ದಂತೆ ಅವಳ ಜೀವವೇ ಬಾಯಿಗೆ ಬರುವುದು. ಕಸಿದುಕೊಳ್ಳುವಳು. ಬಟಾಣಿ ತುಟಿ ಉಬ್ಬಿಸಿ ಅಳುವಳು. ಅವಳು ಬಾಟಲಿ ತುಂಬಿಸಿ ತರುವಳು. ಕೊನೆಯ ಇಪ್ಪತ್ತು ಮಿಲಿ ಬೇಡವೆಂದು ಮಗು ಮುಖ ತಿರುಗಿಸಿದರೂ ಬಿಡದೆ, ಆ ಕಡೆಯಿಂದ ಈ ಕಡೆಯಿಂದ ನಿಪ್ಪಲ್ಲು ತಾಗಿಸಿ ಕುಡಿಸಿಯೇ ಮುಗಿಸುವಳು. ಹಲಗೆಯ ಮೇಲೆ ಪೂರ್ತಿ ಸಂಖ್ಯೆ ಬರೆದರೇ ಸಮಾಧಾನ.

ಐದು ಗಂಟೆ ಆಗಬಾರದು ಅನಿಸುತ್ತಿತ್ತು. ಐದು ಗಂಟೆ ಯಾವಾಗ ಆದೀತೋ ಅಂತಲೂ ಅನಿಸುತ್ತಿತ್ತು. ಏನಿದು ಗ್ರಹಚಾರ!

ಅವನು ಈಗ ಹತ್ತು ನಿಮಿಷ ಕೂತೇ ಹೋಗುತ್ತಿದ್ದ. ಮಕ್ಕಳ ಪುಟಾಣಿ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು ಲಿಫ್ಟುಗಳ ಕತೆ ಹೇಳುತ್ತಿದ್ದ.

"ನೀವು ಒಂದಿನಾನೂ ಲಿಫ್ಟ್ ಹತ್ತಿದ್ದು ನೋಡಿಲ್ವಲ್ಲ?"

"ಭಯ."

"ಹಗ್ಗ ಕಡಿಯುತ್ತೆ ಅಂತಾನಾ?"

"ಮಧ್ಯ ನಿಂತ್ಬಿಟ್ರೆ ಅಂತ."

"ಕಿರ್ ಕಿರ್ ಅನ್ನೋ ಲಿಫ್ಟಿಗೆ ಹೆದರಬೇಡಿ. ಅದು ಎಣ್ಣೆ ಕೇಳ್ತಿದೆ ಅಷ್ಟೇ. ಜನ ಒಳಗಿದ್ದೂ ಸದ್ದೇ ಇಲ್ಲ ಅಂದ್ರೆ, ಆಗ ನಾನು ಓಡ್ತೀನಿ."

ಅವಳು ನಕ್ಕಳು. ಅವನೂ ನಕ್ಕ. ಅಪ್ಪನನ್ನೇ ನೋಡುತ್ತಿದ್ದ ಬಟಾಣಿಯೂ ನಕ್ಕಳು. ಈ ಹತ್ತು ನಿಮಿಷ ತನ್ನದಲ್ಲ, ಸುಳ್ಳು ಹೇಳಿ ಕದ್ದದ್ದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಾದ ದಿನ ಅವನು ಈ ಕುರ್ಚಿಯಲ್ಲಿ ಮತ್ತೆ ಕೂರುವುದಿಲ್ಲ.

ಹದಿನಾರನೆಯ ದಿನ ಕುಂಬಳಕಾಯಿ.

ಮಧ್ಯಾಹ್ನ ಮೂರಕ್ಕೆ ಮಕ್ಕಳು ಮಲಗಿದ್ದರು. ಬಟಾಣಿ ಒಬ್ಬಳೇ ಎಚ್ಚರವಾಗಿದ್ದು ಚಾಪೆಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದಳು. ಅವಳು ಗೋಡೆಗೆ ಒರಗಿ ಡಬ್ಬಿ ತೆರೆದು, ಎರಡು ತುಂಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಬೇಗ ಮುಗಿಯಲಿ ಎಂದು.

ಬಾಗಿಲು ತೆರೆಯಿತು.

"ಕೆಲಸ ಬೇಗ ಮುಗೀತು, ಅವಳು ತಿನ್ನೋದನ್ನ ಒಂದ್ಸಲ ನಾನೂ ನೋಡೋಣ ಅಂತ..."

ಅವನ ಮಾತು ಅಲ್ಲೇ ನಿಂತಿತು.

ಅವಳ ಕೆನ್ನೆ ಎರಡೂ ಉಬ್ಬಿದ್ದವು. ನುಂಗಲೂ ಆಗದು, ಉಗುಳಲೂ ಆಗದು. ಅವನು ಡಬ್ಬಿ ನೋಡಿದ. ಮಗುವಿನ ಸ್ವಚ್ಛ ಕೈಗಳನ್ನು ನೋಡಿದ. ಅವಳ ತುಟಿಯ ಅಂಚಿನ ಹಳದಿ ನೋಡಿದ.

"ದಿನಾ ಹೀಗೇನಾ?"

ಅವಳು ತಲೆ ತಗ್ಗಿಸಿದಳು.

"ಒಂದಿನಾನೂ... ಒಂದು ತುಂಡೂ... ಅವಳಿಗೆ ಕೊಟ್ಟಿಲ್ವಾ?"

ಕಣ್ಣೀರು ಬಂತು, ಮಾತು ಬರಲಿಲ್ಲ. ಬಾಯಿ ತುಂಬಿದ್ದರೆ ಮಾತು ಬರುವುದಾದರೂ ಹೇಗೆ?

"'ನಿಮ್ಮ ಬಾಯಿಗೆ ಹಾಕ್ಕೋಬೇಡಿ' ಅಂತ ಬರೀಬೇಕಿತ್ತು ನಾನು!" ಅವನ ದನಿ ಒಡೆಯಿತು. "ಅಮ್ಮ ಇಲ್ಲದ ಮಗು ಅಂತ ಇಷ್ಟು ಸದರವಾ ನಿಮಗೆ? ನಂಬಿದ್ದೆ ಕಣ್ರೀ ನಾನು... ನಿಮ್ಮನ್ನ ನಂಬಿ..."

ಮುಂದೆ ಹೇಳಲಾಗದೆ ಮಗುವನ್ನು ಎತ್ತಿಕೊಂಡ. ಬಟಾಣಿ ಅವಳ ಕಡೆಗೇ ಕೈ ಚಾಚುತ್ತಿದ್ದಳು. ಬಾಗಿಲು ಮುಚ್ಚಿತು.

ಅವಳು ಕಷ್ಟಪಟ್ಟು ನುಂಗಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಗಲಾಟೆ ಕೇಳಿ ದೊಡ್ಡಮ್ಮ ಬಂದರು. ಎಲ್ಲ ಕೇಳಿಸಿಕೊಂಡರು. ಕಡಲೆಬೀಜದ ಕತೆಯನ್ನೂ. ಅದನ್ನು ಅವಳು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಕೇಳಿದ್ದೆ. ತುಟಿ ಒರೆಸ್ಕೊಳ್ಳೋ ಕಳ್ಳೀನ ಇವತ್ತೇ ನೋಡಿದ್ದು," ಎಂದರು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ದೊಡ್ಡಮ್ಮ ಮಾತ್ರ ನಗಲಿಲ್ಲ. "ಕೇಳು ಹುಡುಗಿ. ಭಯ ಪಟ್ಟಿದ್ದು ತಪ್ಪಲ್ಲ. ಸುಳ್ಳು ಹೇಳಿದ್ದು ತಪ್ಪು. ಆ ಕೂಸಿಗೆ ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡಿದ್ಯಲ್ಲ, ಹದಿನಾರು ದಿನ!"

"ನನ್ನನ್ನ ಕೆಲಸದಿಂದ ತೆಗೆದುಬಿಡಿ ದೊಡ್ಡಮ್ಮ."

"ತೆಗೆದ್ರೆ ನಿನ್ನ ಭಯ ಎಲ್ಲಿಗೆ ಹೋಗುತ್ತೆ? ನಿನ್ನ ಜೊತೆಗೇ ಮನೆಗೆ ಬರುತ್ತೆ. ನಾಳೆಯಿಂದ ತುತ್ತಿನ ಕೋಣೆಗೆ ಬಾ. ಕೈ ತೊಡೆ ಕೆಳಗಿಟ್ಕೊಂಡು ಕೂತ್ಕೋ. ನೋಡು, ಕೇಳು, ಅಷ್ಟೇ."

ಮೂರು ದಿನ ಹಾಗೇ ಕೂತಳು. ಅಬ್ಬಾ, ಎಂಥ ಮೂರು ದಿನ! ಹನ್ನೊಂದು ಮಕ್ಕಳು, ಹನ್ನೊಂದು ಬಾಯಿ. ಒಬ್ಬ ಕೆಮ್ಮಿದರೆ ಅವಳ ಬೆನ್ನಲ್ಲಿ ಬೆವರು. ಇನ್ನೊಬ್ಬಳು ಓಕರಿಸಿದರೆ ಇವಳು ಅರ್ಧ ಎದ್ದೇಬಿಡುವಳು. ದೊಡ್ಡಮ್ಮ ಹೆಗಲು ಒತ್ತಿ ಕೂರಿಸುವರು.

"ಕೇಳಿಸ್ಕೋ. ಸದ್ದಿದ್ರೆ ಸುಮ್ಮನಿರು. ಸದ್ದಿಲ್ಲದಿದ್ರೆ ಸುಮ್ಮನಿರಬೇಡ."

ಮೊದಲ ದಿನ ಎಲ್ಲ ಸದ್ದೂ ಒಂದೇ ಆಗಿ ಕೇಳಿತು. ಎರಡನೆಯ ದಿನ ಕೆಮ್ಮು ಬೇರೆ, ಓಕರಿಕೆ ಬೇರೆ ಎಂದು ತಿಳಿಯಿತು. ಮೂರನೆಯ ದಿನ ಮಕ್ಕಳು ತುಂಡನ್ನು ನಾಲಿಗೆಯಿಂದ ತಳ್ಳಿ ತಾವೇ ಮುಂದಕ್ಕೆ ತರುವುದು ಕಣ್ಣಿಗೆ ಕಂಡಿತು. ಮಧ್ಯಾಹ್ನ ದೊಡ್ಡಮ್ಮ ರಬ್ಬರ್ ಗೊಂಬೆ ಕೊಟ್ಟು, ಸದ್ದು ನಿಂತಾಗ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಐದು ಸಲ ಬಡಿಯುವುದು ಹೇಗೆಂದು ಕಲಿಸಿದರು. ನೂರು ಸಲ ಮಾಡಿದಳು. ಗೊಂಬೆಯ ಬೆನ್ನು ತಗ್ಗಾಯಿತು.

ಭಯ ಹೋಗಲಿಲ್ಲ. ಆದರೆ ಈಗ ಅದರ ಜೊತೆ ಏನು ಮಾಡಬೇಕೆಂದು ಗೊತ್ತಾಗಿತ್ತು.

ಆ ಮೂರು ದಿನವೂ ಬಟಾಣಿ ಬಂದಿರಲಿಲ್ಲ. ಲಿಫ್ಟಿನವನು ರಜೆ ಹಾಕಿದ್ದನಂತೆ. ಹಲಗೆಯ ಮೇಲೆ ಬಟಾಣಿಯ ಸಾಲು ಖಾಲಿಯಿತ್ತು. ಅವಳ ಬ್ಯಾಗಿನಲ್ಲಿ ಅವನ ಡಬ್ಬಿ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಅವಳು ಸಿಹಿಗೆಣಸು ಬೇಯಿಸಿ, ಎರಡು ಬೆರಳಲ್ಲಿ ಒತ್ತಿ ನೋಡಿ, ಅದೇ ಡಬ್ಬಿಗೆ ತುಂಬಿಕೊಂಡು ಹೊರಟಳು. ದೊಡ್ಡಮ್ಮ ಕೊಟ್ಟ ವಿಳಾಸ ಹಿಡಿದು ಹುಡುಕಿದರೆ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲ ಮೇಲೆ ಮೂರು ಸಲ ಹಿಂದೆ ತಿರುಗಿದಳು, ನಾಲ್ಕನೇ ಸಲ ಬಾಗಿಲು ತಟ್ಟಿದಳು.

ಅವನು ಬಾಗಿಲು ತೆರೆದ. ಗಡ್ಡ ಬೆಳೆದಿತ್ತು. ಹೆಗಲ ಮೇಲೆ ಬಟಾಣಿ. ಅವಳನ್ನು ಕಂಡದ್ದೇ ಕೂಸು ಕೇಕೆ ಹಾಕಿ ಮೈ ಬಗ್ಗಿಸಿತು.

"ಡಬ್ಬಿ ಕೊಟ್ಟು ಹೋಗೋಣ ಅಂತ..." ಎಂದವಳು ಅಲ್ಲೇ ನಿಂತು ತಲೆ ಎತ್ತಿದಳು. "ಇಲ್ಲ. ಸುಳ್ಳು ಸಾಕು. ನಿಜ ಹೇಳೋಕೆ ಬಂದಿದ್ದೀನಿ."

ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಮುಚ್ಚಳದ ಮಾತನ್ನು ಮೊದಲ ದಿನ ಮಾತ್ರ ತಪ್ಪು ತಿಳಿದದ್ದು. ಅವತ್ತು ಸಂಜೆಯೇ ಅರ್ಥವಾಗಿದ್ದರೂ ಮುಚ್ಚಿಟ್ಟದ್ದು. ತಮ್ಮನ ನೀಲಿ ತುಟಿ. ಅಮ್ಮನ ಮಾತು.

"ಸದರ ಅಲ್ಲ. ಅವಳಿಗೇನಾದ್ರೂ ಆದ್ರೆ ನಾನು ಬದುಕಲ್ಲ ಅನ್ನೋ ಭಯ. ಆದ್ರೂ ಮಾಡಿದ್ದು ತಪ್ಪೇ. ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ."

ಅವನು ಬಟಾಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಆಮೇಲೆ ಪಕ್ಕಕ್ಕೆ ಸರಿದು ಒಳಗೆ ಬರಲು ದಾರಿ ಬಿಟ್ಟ.

ಒಳಗೆ ಅಡುಗೆ ಕಟ್ಟೆಯ ಮೇಲೆ ಹಾಲಿನ ಪುಡಿಯ ಡಬ್ಬಗಳು ಸಾಲಾಗಿದ್ದವು. ತೊಳೆದ ಬಾಟಲಿಗಳು ಬೋರಲಾಗಿದ್ದವು. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪುಟ್ಟ ಅಕ್ಷರದಲ್ಲಿ ನೂರಿಪ್ಪತ್ತು, ನೂರೈವತ್ತು, ನೂರಿಪ್ಪತ್ತು ಎಂದಿತ್ತು. ತನ್ನ ಹಲಗೆಯೇ ಇಲ್ಲಿ ಬಂದು ಕೂತಂತೆ ಕಂಡಿತು ಅವಳಿಗೆ. ಮೂಲೆಯಲ್ಲಿ ಮಗುವಿನ ಎತ್ತರದ ಕುರ್ಚಿ. ಹೊಸದು. ತಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ.

"ಇದು..." ಎಂದಳು ಅವಳು.

"ಗೊತ್ತಾಯ್ತಲ್ಲ," ಎಂದ ಅವನು. ಮುಖ ಆ ಕಡೆ ತಿರುಗಿಸಿದ. "ನಾನೂ ಕೊಟ್ಟಿಲ್ಲ. ಒಂದಿನಾನೂ."

"ಏನು?!"

"ಕ್ಯಾಂಟೀನಲ್ಲಿ ಕೊಟ್ಟಿದ್ದೇ ಮೊದಲು, ಅದೇ ಕೊನೆ. ನಿಮ್ಮ ಕೈ ಹಿಡಿದಾಗ ನಾನು ಹ್ಯಾಗೆ ನಡುಗ್ತಿದ್ದೆ ಗೊತ್ತಾ? ನರ್ಸು ಹೇಳಿದ್ದನ್ನ ಗಿಳಿಪಾಠ ಒಪ್ಪಿಸಿದೆ ಅಷ್ಟೇ. ಇವಳಮ್ಮನ್ನ ಕಳ್ಕೊಂಡಿದ್ದೀನಿ. ಇವಳನ್ನೂ... ನನ್ನ ಕೈಯಾರೆ..." ಅವನು ಕಣ್ಣೊರೆಸಿಕೊಂಡ. "ಮಾರನೇ ದಿನ ನಿಮ್ಮನ್ನ ಅಲ್ಲಿ ನೋಡಿದೆ. ಮೂರು ಮೇಜು ಹಾರಿ ಬಂದೋರು! ಇಂಥೋರ ಕೈಲಿ ಮಗು ಇದ್ರೆ ಏನೂ ಆಗಲ್ಲ, ಇವರೇ ತಿನ್ನೋದು ಕಲಿಸ್ಲಿ ಅಂದ್ಕೊಂಡೆ. ಮನೇಲಿ ನಾನು ಬರೀ ಬಾಟಲಿ. ಅವತ್ತು ನಿಮ್ಮ ಮೇಲೆ ಕೂಗಾಡಿದ್ನಲ್ಲ, ಅದರಲ್ಲಿ ಅರ್ಧ ಬೈಗುಳ ನನಗೇ."

ಇವನು ಅವಳನ್ನು ನಂಬಿ ಬಿಟ್ಟಿದ್ದ, ಅವಳು ಹೆದರಿ ಬಿಟ್ಟಿದ್ದಳು. ಒಟ್ಟಿನಲ್ಲಿ ಇಬ್ಬರು ಪುಕ್ಕಲರ ನಡುವೆ ಬಟಾಣಿಗೆ ಹದಿನಾರು ದಿನ ಬಾಟಲಿಯೇ ಗತಿ!

"ಒಂದೇ ಒಂದು ಸಲ," ಎಂದಳು. ಡಬ್ಬಿಯ ಮುಚ್ಚಳ ತೆಗೆದಳು. "ಇಬ್ಬರೂ ಇದ್ದೀವಲ್ಲ. ನೋಡೋಣ್ವಾ?"

"ಹಾಲು ಕುಡಿದು ಒಂದು ಗಂಟೆ ಆಗಿದೆ," ಎಂದ ಅವನು.

ಪ್ಲಾಸ್ಟಿಕ್ ಹಾಳೆ ಕಿತ್ತರು. ಬಟಾಣಿಯನ್ನು ನೆಟ್ಟಗೆ ಕೂರಿಸಿದರು. ಅವಳು ತಟ್ಟೆಯ ಮೇಲೆ ಎರಡು ತುಂಡು ಇಟ್ಟು ಕೈ ಹಿಂದೆ ತೆಗೆದುಕೊಂಡಳು.

ಬಟಾಣಿ ತುಂಡನ್ನು ನೋಡಿದಳು. ಇವಳನ್ನು ನೋಡಿದಳು. 'ಈ ಸಲವೂ ಕಸಿದುಕೊಳ್ಳುತ್ತೀಯಾ?' ಎಂದು ಕೇಳುವಂತಿತ್ತು. ಆಮೇಲೆ ಒಂದನ್ನು ಮುಷ್ಟಿಯಲ್ಲಿ ಹಿಡಿದಳು. ಹಿಚುಕಿದಳು. ನೆಕ್ಕಿದಳು. ಒಸಡಿನಿಂದ ಕಚ್ಚಿದಳು.

ಒಂದು ಚೂರು ಒಳಗೆ ಹೋಯಿತು.

'ಗ್ವಾಕ್!'

ಮಗುವಿನ ಮುಖ ಕೆಂಪಾಯಿತು. ಕಣ್ಣು ನೀರಾದವು. ನಾಲಿಗೆ ಹೊರಗೆ ಬಂತು.

'ಗ್ವಾಕ್... ಗ್ವಾಕ್...'

"ಅಯ್ಯೋ!" ಅವನು ಹಾರಿಬಂದ. ಬೆರಳು ಮಗುವಿನ ಬಾಯಿಗೆ ಹೊರಟೇಬಿಟ್ಟಿತ್ತು.

ಅವಳು ಅವನ ಮಣಿಕಟ್ಟನ್ನು ಹಿಡಿದಳು. ಬಿಗಿಯಾಗಿ.

"ಹಾಕ್ಬೇಡಿ!"

"ಬಿಡಿ! ಅವಳಿಗೆ..."

"ಸದ್ದು ಕೇಳಿ! ಸದ್ದಿದೆ! ಕೇಳ್ತಿದೆಯಲ್ಲ? ಸದ್ದಿರೋವರೆಗೂ ಉಸಿರಿದೆ. ನಿಂತ್ರೆ ನಾನಿದ್ದೀನಿ. ನನಗೆ ಬರುತ್ತೆ. ಇರಿ... ಒಂದು ನಿಮಿಷ ಇರಿ..."

ಅವಳ ಕೈ ಗಡಗಡ ನಡುಗುತ್ತಿತ್ತು. ಅವನದೂ. ಒಬ್ಬರ ನಡುಕ ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಮಗುವಿನ ಉಸಿರಿಗೆ ಕಿವಿಗೊಟ್ಟು ನಿಂತರು. ಅವಳ ಕಣ್ಣ ಮುಂದೆ ತಮ್ಮನ ಮುಖ ಬಂತು. ಕಣ್ಣು ಮುಚ್ಚಲಿಲ್ಲ. ಇದು ಕೆಂಪು, ಅದು ನೀಲಿ. ಇದು ಸದ್ದು, ಅದು ಮೌನ. ಇದು ಬೇರೆ!

'ಗ್ವಾ...ಕ್!'

ಚೂರು ತುಟಿಗೆ ಬಂತು. ತಟ್ಟೆಗೆ ಬಿತ್ತು.

ಬಟಾಣಿ ಅದನ್ನು ಆಶ್ಚರ್ಯದಿಂದ ನೋಡಿದಳು. ಒಂದು ಸಲ ಸೀನಿದಳು. ಅದೇ ಚೂರನ್ನು ಹೆಕ್ಕಿ ಮತ್ತೆ ಬಾಯಿಗೆ ಹಾಕಿಕೊಂಡು, ಈ ಸಲ ಚಪ್ಪರಿಸಿ ಚಪ್ಪರಿಸಿ, ನುಂಗಿದಳು!

ಅವನು ನೆಲದ ಮೇಲೆ ಕುಸಿದು ಕೂತ. ಅವಳೂ. ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ಮೇಲಿನಿಂದ ಸಿಹಿಗೆಣಸಿನ ಒಂದು ಮುದ್ದೆ ಬಂದು ಅವನ ತಲೆಯ ಮೇಲೆ ಬಿತ್ತು.

ಐದು ನಿಮಿಷದ ನಂತರ ಬಟಾಣಿ ಮುಖ ತಿರುಗಿಸಿದಳು. ಮಿಸ್ಸಿನ ಕೈ ಅಭ್ಯಾಸದಂತೆ ಉಳಿದ ತುಂಡಿನ ಕಡೆಗೆ ಹೋಯಿತು. ಇನ್ನೊಂದು ಚೂರು ತಿನ್ನಿಸೋಣ, ಪೂರ್ತಿ ಮಾಡಿಸೋಣ ಎಂದು. ತಡೆದು ನಿಂತಳು.

"ಸಾಕಂತೆ ಅವಳಿಗೆ," ಎಂದು ತಟ್ಟೆ ತೆಗೆದಳು.

"ಎಷ್ಟು ತಿಂದ್ಲು? ಏನಂತ ಬರೀಲಿ?" ಅವನು ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತಿದ್ದ.

"ತಿಂದ್ಲು ಅಂತ ಬರೀರಿ."

ಸೋಮವಾರ ಬಟಾಣಿ ಬಾಟಲಿ ಕೋಣೆಗೆ ಮರಳಿದಳು, ಡಬ್ಬಿಯ ಸಮೇತ. ಮುಚ್ಚಳದ ಪಟ್ಟಿ ಹೊಸದಾಗಿತ್ತು. 'ಮುಂದೆ ಇಡಿ. ಅವಳೇ ತಿನ್ನಲಿ. ನೀವೂ ಎರಡು ತಿನ್ನಿ, ಜಾಸ್ತಿ ಹಾಕಿದ್ದೀನಿ.'

ಮೂರು ತಿಂಗಳು ಕಳೆಯಿತು. ಭಾನುವಾರಗಳಂದು ಅವಳು ಸೈಕಲ್ ಅಂಗಡಿಯ ಮೇಲಿನ ಮನೆಗೆ ಬರುವುದು ರೂಢಿಯಾಯಿತು. ಭಯ ಈಗಲೂ ಇತ್ತು. ಪ್ರತಿ ಹೊಸ ತಿನಿಸಿಗೂ ಇಬ್ಬರೂ ಉಸಿರು ಹಿಡಿಯುತ್ತಿದ್ದರು. ಅವನು ಕೈಹಿಡಿದು ಜೊತೆಗೆ ನಿಂತಿದ್ದರಿಂದ ಒಂದು ದಿನ ಅವಳು ಲಿಫ್ಟಿನಲ್ಲಿ ಎರಡನೇ ಮಹಡಿಯವರೆಗೂ ಹೋಗಿ ಬಂದಳು. 'ಪುಕ್ಕಲಕ್ಕಾ, ನಿನ್ನ ಮುಖ ಯಾಕೋ ಹೊಳೀತಿದೆ' ಎಂದು ತಮ್ಮ ಛೇಡಿಸತೊಡಗಿದ್ದ.

ಅಂಥ ಒಂದು ಭಾನುವಾರ ಬಟಾಣಿ ಬಾಳೆಹಣ್ಣನ್ನು ಹೊಟ್ಟೆಗಿಂತ ಹೆಚ್ಚು ಕೂದಲಿಗೆ ತಿನ್ನಿಸಿ ಮುಗಿಸಿದ್ದಳು. ಅವಳು ಒದ್ದೆ ಬಟ್ಟೆಯಿಂದ ಮಗುವಿನ ಕೈ ಒರೆಸುತ್ತಿದ್ದಳು. ಅವನು ಎದುರು ಬಂದು ಕೂತ. ಎರಡು ಸಲ ಗಂಟಲು ಸರಿ ಮಾಡಿಕೊಂಡ.

"ಒಂದು ಮಾತು. ನಿಮ್ಮ ಮುಂದೆ ಇಡ್ತೀನಿ ಅಷ್ಟೇ."

"ಏನು?"

"ಬಾಯಿಗೆ ಹಾಕಲ್ಲ. ಬೇಕಾದ್ರೆ ತಗೊಳ್ಳಿ. ಬೇಡ ಅಂದ್ರೆ ಮುಖ ತಿರುಗಿಸಿ, ನಾನು ತಟ್ಟೆ ತೆಗೀತೀನಿ, ಬಲವಂತ ಇಲ್ಲ." ಅವನ ಹಣೆ ಬೆವತಿತ್ತು. "ನೀವು... ಭಾನುವಾರ ಸಂಜೆ ಇಲ್ಲಿಂದ ವಾಪಸ್ ಹೋಗೋದನ್ನ... ನಿಲ್ಲಿಸಿಬಿಡ್ತೀರಾ? ಬಟಾಣಿಗೋಸ್ಕರ ಅಲ್ಲ. ಅವಳಿಗಂತೂ ನೀವು ಬೇಕೇ ಬೇಕು, ಅದು ಬೇರೆ. ನನಗೆ ಬೇಕು. ನನಗೆ ನಿಮ್ಮ ಮೇಲೆ ಪ್ರೀತಿ."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

ಮಗುವನ್ನು ಕೈಗೆ ಕೊಟ್ಟಿದ್ದೇ ತಪ್ಪು ಎನಿಸಿಕೊಂಡವಳ ಕೈಗೆ ಇವನು ಮಗುವನ್ನೂ ಕೊಡುತ್ತಿದ್ದಾನೆ, ತನ್ನನ್ನೂ ಕೊಡುತ್ತಿದ್ದಾನೆ! ಎದೆಯಿಂದ ಏನೋ ಉಕ್ಕಿ ಬಂದು ಗಂಟಲಲ್ಲೇ ನಿಂತುಬಿಟ್ಟಿತು. ಮಾತೇ ಹೊರಡಲಿಲ್ಲ.

ಒಂದು ಕ್ಷಣ. ಎರಡು. ಮೂರು.

ಅವನು ಕಂಗಾಲಾದ.

"ಏನಾದ್ರೂ ಅನ್ನಿ ಮಾರಾಯ್ರೇ! ಸದ್ದಿಲ್ಲ ಅಂದ್ರೆ ಹೆದರಬೇಕು ಅಂತ ನೀವೇ ತಾನೇ ಹೇಳಿದ್ದು?"

ಅವಳು ಕಣ್ಣೀರಿನಲ್ಲೇ ನಕ್ಕಳು. ಬಾಳೆಹಣ್ಣು ಮೆತ್ತಿದ ಅವನ ಕೈಯನ್ನು ತಾನಾಗಿಯೇ ಎತ್ತಿ ತನ್ನ ಕೈಯಲ್ಲಿ ಇಟ್ಟುಕೊಂಡಳು. ಆಮೇಲೆ ಮುಖ ಆದಷ್ಟು ಗಂಭೀರ ಮಾಡಿಕೊಂಡು, ಮೆಲ್ಲಗೆ ಕೆಮ್ಮಿದಳು.

"ಸಾಕಾ?"

"ಸಾಕು," ಎಂದ ಅವನು. "ಉಸಿರು ಬಂತು."